ಎಂಐಟಿಗೆ ಅಪ್ಲೈ ಮಾಡ್ಬೇಕು ಅಂತಿದೀನಿ, ಸೆಕೆಂಡ್ ಪಿಯು, ಹೊಸನಗರ ತಾಲ್ಲೂಕು, ಚಾನ್ಸ್ ಎಷ್ಟಿದೆ ನಿಜ ಹೇಳಿ

ನಗರದ_ಮಳೆ:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಸೆಕೆಂಡ್ ಪಿಯು ಓದ್ತಿದೀನಿ, ಪಿಸಿಎಂಸಿ, ಊರು ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ರ. ಹತ್ತನೇ ಕ್ಲಾಸ್ ತನಕ ಸರ್ಕಾರಿ ಶಾಲೆ ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿ 614, ಫಸ್ಟ್ ಪಿಯು 571. ಅಮೆರಿಕದ ಎಂಐಟಿಗೆ ಟ್ರೈ ಮಾಡ್ಬೇಕು ಅಂತ ಆಸೆ. ಯಾರಿಗೂ ಹೇಳಿಲ್ಲ, ಕ್ಲಾಸಲ್ಲಿ ಹೇಳಿದ್ರೆ ನಗ್ತಾರೆ. ಅಲ್ಲಿಯ ಕಾಲೇಜುಗಳಿಗೆ ಬರೆಯೋ ಸ್ಯಾಟ್ ಪರೀಕ್ಷೆ ಪ್ರಾಕ್ಟೀಸ್ ಬ್ಲೂಬುಕ್ ಆ್ಯಪಲ್ಲಿ ಮಾಡಿದಾಗ 1460 ಬಂತು, ಮ್ಯಾಥ್ಸ್ 790, ಇಂಗ್ಲಿಷ್ 670. ಅಪ್ಪಂದು ಎರಡೂವರೆ ಎಕರೆ ಅಡಿಕೆ, ಎಲೆಚುಕ್ಕೆ ರೋಗ ಬಂದ್ಮೇಲೆ ಫಸಲು ಅರ್ಧಕ್ಕೆ ಇಳಿದಿದೆ, ಹಂಗಾಗಿ ಪೂರ್ತಿ ಸ್ಕಾಲರ್‌ಶಿಪ್ ಸಿಗ್ದೆ ಹೋದ್ರೆ ಹೋಗೋ ಮಾತೇ ಇಲ್ಲ. ಸರ್ಟಿಫಿಕೇಟ್ ಅಂತ ಇರೋದು ತಾಲ್ಲೂಕು ಮಟ್ಟದ ಕ್ವಿಜ್, ಪ್ರತಿಭಾ ಕಾರಂಜೀಲಿ ಭಾವಗೀತೆ, ಎನ್ನೆಸ್ಸೆಸ್ ಕ್ಯಾಂಪ್. ಮ್ಯಾಥ್ಸ್ ಒಲಿಂಪಿಯಾಡಿಗೆ ಐಓಕ್ಯೂಎಂ ಬರ್ದಿದ್ದೆ, ಪಾಸಾಗ್ಲಿಲ್ಲ. ಇನ್ನೊಂದು ಇದೆ, ಲೆಕ್ಕಕ್ಕೆ ಬರತ್ತೋ ಇಲ್ವೋ, ಮನೇಲಿ ಅಜ್ಜ ಬರೀತಿದ್ದ ಮಳೆ ಪುಸ್ತಕ ಇದೆ, ಅದನ್ನ ಕಂಪ್ಯೂಟರಿಗೆ ಹಾಕ್ತಾ ಇದೀನಿ. ಚಾನ್ಸ್ ಎಷ್ಟು ಪರ್ಸೆಂಟ್ ಇರ್ಬಹುದು?

ಗಾಜನೂರು_ಹಿನ್ನೀರು:
ಎಂಐಟಿ ಅಂದ್ರೆ ಮಣಿಪಾಲದ್ದು ಅಂದ್ಕೊಂಡು ಓಡಿ ಬಂದೆ ಮಾರಾಯ, ಅದಾದ್ರೆ ಆಗುಂಬೆ ಘಾಟಿ ಇಳಿದ್ರೆ ಮುಗೀತು. ಇದು ಎಂತ ದೊಡ್ಡ ಕಥೆ. ಆಲ್ ದಿ ಬೆಸ್ಟ್.

ಜೆಇಇ_ಸಾಕಾಯ್ತು:
ಬೇಜಾರ್ ಮಾಡ್ಕೋಬೇಡ ತಮ್ಮ, ನಿಜ ಹೇಳು ಅಂದಿದ್ದಕ್ಕೆ ಹೇಳ್ತೀನಿ. ಹೊರದೇಶದವರಿಗೆ ಅಲ್ಲಿ ನೂರಕ್ಕೆ ಎರಡರ ಆಸುಪಾಸು ಸೀಟು. ಇಡೀ ಪ್ರಪಂಚದಿಂದ ಸಾವಿರಾರು ಜನ ಹಾಕ್ತಾರೆ, ತಗೊಳೋದು ನೂರೈವತ್ತರ ಹತ್ರ ಹತ್ರ. ಅದ್ರಲ್ಲಿ ಒಲಿಂಪಿಯಾಡ್ ಮೆಡಲ್ ಹಾಕ್ಕೊಂಡು ಬಂದೋರು ಎಷ್ಟು ಜನ ಅಂತ ಯೋಚ್ನೆ ಮಾಡು. ನೀನು ಪಿಯು, ಸಿಇಟಿ, ಜೆಇಇ ಮೂರೂ ಇಟ್ಕೊಂಡು ಇದಕ್ಕೂ ಎಸ್ಸೇ ಬರೀತಾ ಕೂತ್ರೆ ಎಲ್ಲಾನೂ ಕೈಬಿಟ್ಟು ಹೋಗತ್ತೆ. ಸುಮ್ನೆ ಐಐಎಸ್‌ಸಿ ಬಿಎಸ್‌ಗೆ ಐಎಟಿ ಅನ್ನೋ ಎಂಟ್ರೆನ್ಸ್ ಬರಿ, ಅರವತ್ತು ಪ್ರಶ್ನೆ 240 ಮಾರ್ಕ್ಸು, ಮೂರು ಗಂಟೆ, ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬಯಾಲಜಿ ತಲಾ ಹದಿನೈದು. ನಿಂಗೆ ಬಯಾಲಜಿ ಇಲ್ಲ, ಅದೊಂದು ಕಷ್ಟ, ಆದ್ರೂ ಇದಕ್ಕಿಂತ ವಾಸಿ.

ಬಾಸ್ಟನ್_ಚಳಿ:
ಊರು ಕೊಪ್ಪ, ಈಗ ಬಾಸ್ಟನ್ನಲ್ಲಿ ಎಂಎಸ್ ಮಾಡ್ತಿದೀನಿ, ಎಂಐಟೀಲಿ ಅಲ್ಲ ಬೇರೆ ಕಡೆ, ಆದ್ರೆ ಅಲ್ಲಿ ಯುಜಿ ಓದೋ ಇಂಡಿಯಾ ಹುಡುಗರ ಪರಿಚಯ ಇದೆ. ಎರಡು ಪರ್ಸೆಂಟ್ ಅನ್ನೋದು ಸುಳ್ಳಲ್ಲ. ಆದ್ರೆ ಅದು ಎಲ್ಲರದ್ದೂ ಸೇರ್ಸಿ ಹೇಳೋ ಲೆಕ್ಕ, ನಿಂದು ಎಷ್ಟು ಅಂತ ಯಾರಿಗೂ ಹೇಳಕ್ಕಾಗಲ್ಲ, ಹೇಳಿದ್ರೆ ಬರೀ ಬುರುಡೆ.

ಮೊದ್ಲು ದುಡ್ಡಿನ ವಿಷ್ಯ ಕ್ಲಿಯರ್ ಮಾಡ್ಕೋ, ನಮ್ಮೂರ ಮಕ್ಕಳು ಎಡವೋದು ಅಲ್ಲೇ. ಅಮೆರಿಕದ ಕಾಲೇಜುಗಳಲ್ಲಿ ಎರಡು ಜಾತಿ. ನೀಡ್ ಬ್ಲೈಂಡ್ ಅಂತ ಒಂದು, ನಿಂಗೆ ಸಹಾಯ ಬೇಕಾ ಬೇಡ್ವಾ ಅನ್ನೋದನ್ನ ಸೀಟು ಕೊಡುವಾಗ ನೋಡಲ್ಲ. ಹೊರದೇಶದ ಮಕ್ಕಳಿಗೂ ಹಂಗೆ ಇರೋದು ಬೆರಳೆಣಿಕೆ, ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್, ಆಮ್‌ಹರ್ಸ್ಟ್, ಬೌಡನ್, ಈಗ ಈಗ ಬ್ರೌನ್, ಇನ್ನೂ ಒಂದೆರಡು. ಸ್ಟ್ಯಾನ್‌ಫೋರ್ಡ್ ಆ ಪಟ್ಟೀಲಿಲ್ಲ, ಅಲ್ಲಿ ಹೊರಗಿನ ಹುಡುಗ ಸಹಾಯ ಕೇಳಿದ್ರೆ ಅದೂ ಲೆಕ್ಕಕ್ಕೆ ಬರತ್ತೆ. ಬರ್ಕ್ಲಿ ತರದ ಸರ್ಕಾರಿ ಯೂನಿವರ್ಸಿಟಿ ಹೊರದೇಶದವರಿಗೆ ಕೊಡೋದು ಇಲ್ಲ ಅಂತಾನೇ ಇಟ್ಕೋ. ಹಂಗಾಗಿ ಎಲ್ಲಾ ಕಡೆ ಇಪ್ಪತ್ತು ಅಪ್ಲಿಕೇಶನ್ ಹಾಕ್ತೀನಿ ಅನ್ನೋ ಹುಚ್ಚು ಬೇಡ.

ಎಂಐಟಿ 2025ರ ಬ್ಯಾಚಿಂದ ವರ್ಷಕ್ಕೆ ಎರಡು ಲಕ್ಷ ಡಾಲರ್ ಒಳಗೆ ಆದಾಯ ಇರೋ ಮನೆಗೆ ಟ್ಯೂಷನ್ ಫ್ರೀ ಮಾಡಿದೆ, ಒಂದು ಲಕ್ಷದ ಒಳಗಿದ್ರೆ ಹಾಸ್ಟೆಲ್ ಊಟ ಎಲ್ಲಾ ಸೇರಿ ಮನೆಯವರು ಏನೂ ಕೊಡ್ಬೇಕಾಗಲ್ಲ, ಆಸ್ತಿ ವಿಪರೀತ ಇರ್ಬಾರ್ದು ಅಷ್ಟೆ. ನಿಮ್ಮಪ್ಪಂದು ಯಾವ ಲೆಕ್ಕದಲ್ಲೂ ಅದರ ಒಳಗೇ ಬರತ್ತೆ. ಸೀಟು ಸಿಕ್ರೆ ದುಡ್ಡು ಸಮಸ್ಯೆ ಅಲ್ಲ, ಸೀಟು ಸಿಗೋದೇ ಸಮಸ್ಯೆ.

ಸಾಗರದಕ್ಕ:
ಆದಾಯದ ವಿಷ್ಯದಲ್ಲಿ ಒಂದು ಮಾತು. ನನ್ನ ತಂಗಿ ಮಗಳಿಗೆ ಅಮೆರಿಕದ ಬೇರೆ ಕಾಲೇಜಿಗೆ, ಸಹಾಯ ಕೇಳಕ್ಕೆ ಮನೆ ಆದಾಯ ಆಸ್ತಿ ತೋರಿಸೋ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಫಾರ್ಮ್ ತುಂಬಿಸಿದ್ವಿ, ಎಂಐಟಿಗೂ ಅದೇ. ಅದು ಸಂಬಳದವರಿಗೆ ಅಂತ ಮಾಡಿದ ಫಾರ್ಮು, ಅಡಿಕೆಯವರ ಕಷ್ಟ ಅದಕ್ಕೆ ಗೊತ್ತಿಲ್ಲ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ನಮ್ಮಲ್ಲಿ ಎಷ್ಟೋ ಮನೇಲಿ ಐಟಿ ರಿಟರ್ನ್ ಅಂತ ಒಂದು ಕಾಗದಾನೇ ಇರಲ್ಲ, ಅವರು ಅದನ್ನೇ ಕೇಳ್ತಾರೆ. ನಾವು ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಪಹಣಿ, ಅಡಿಕೆ ಬೆಳೆಗಾರರ ಸಂಘ ಮಾಮ್ಕೋಸಿನಲ್ಲಿ ಅಡಿಕೆ ಹಾಕಿದ ಪಟ್ಟಿ, ಸೊಸೈಟಿ ಸಾಲದ ಪಾಸ್‌ಬುಕ್ ಎಲ್ಲಾ ಸ್ಕ್ಯಾನ್ ಮಾಡಿ, ಒಂದು ಪುಟದಲ್ಲಿ ಇಂಗ್ಲಿಷಲ್ಲಿ ಎಲ್ಲಾ ಬಿಡಿಸಿ ಬರೆದು ಕಳ್ಸಿದ್ವಿ. ಖರ್ಚು ಬರೆಯೋದು ಮರೀಬೇಡ, ಔಷಧಿ, ಗೊಬ್ಬರ, ಕೊನೆ ಇಳಿಸೋ ಕೊನೆಗೌಡನ ಕೂಲಿ, ಸುಲಿಯೋದು, ಬೇಯ್ಸೋದು ಎಲ್ಲಾ. ಬರೀ ಪಟ್ಟಿ ಮೊತ್ತ ನೋಡಿದ್ರೆ ಅಲ್ಲಿಯವರಿಗೆ ನಾವು ಜಮೀನ್ದಾರರ ತರ ಕಾಣ್ತೀವಿ. ತೋಟದ ಬೆಲೆ ಕೇಳೋ ಕಾಲಂ ಬೇರೆ ಇರತ್ತೆ, ಅಲ್ಲಿ ಪೇಟೇಲಿ ಯಾರೋ ಸೈಟ್ ಬ್ರೋಕರ್ ಹೇಳಿದ ರೇಟ್ ಹಾಕ್ಬೇಡ ಪುಟ್ಟ. ಸುಳ್ಳೂ ಬೇಡ. ಇದು ಮಾರೋ ಜಾಗ ಅಲ್ಲ, ಊಟದ ದಾರಿ ಇದೇ ಅಂತ ಆ ಪುಟದಲ್ಲೇ ಬರಿ.

ನಗರದ_ಮಳೆ:
ಅಕ್ಕ ಇದು ಯಾರೂ ಹೇಳಿರ್ಲಿಲ್ಲ ಥ್ಯಾಂಕ್ಸ್. ಅಪ್ಪಂಗೆ ಇನ್ನೂ ಹೇಳಿಲ್ಲ, ಪಹಣಿ ಎಂತಕ್ಕೆ ಅಂದ್ರೆ ಏನು ಹೇಳ್ಲಿ ಅಂತ ಯೋಚ್ನೆ.

ಎಜು_ದಾರಿ_ಬೆಂಗಳೂರು:
ಹಾಯ್, ನಿಮ್ಮ ಪ್ರೊಫೈಲ್ ವೀಕ್ ಇದೆ ಆದ್ರೆ ಬಿಲ್ಡ್ ಮಾಡಬಹುದು. ನಮ್ಮಲ್ಲಿ ಆರು ವಾರದಲ್ಲಿ ರಿಸರ್ಚ್ ಪೇಪರ್ ಪಬ್ಲಿಶ್, ಎನ್‌ಜಿಓ ಫೌಂಡರ್ ಪ್ಯಾಕೇಜ್, ಎಸ್ಸೇ ಎಡಿಟಿಂಗ್ ಎಲ್ಲಾ ಇದೆ. ಇನ್‌ಬಾಕ್ಸ್ ಮಾಡಿ.

ಬಾಸ್ಟನ್_ಚಳಿ:
ಇವರನ್ನ ಇನ್‌ಬಾಕ್ಸ್ ಮಾಡ್ಬೇಡ ದಯವಿಟ್ಟು. ದುಡ್ಡು ಕೊಟ್ಟು ಹಾಕ್ಸಿದ ಪೇಪರ್ ಯಾವುದು ಅಂತ ದಿನಾ ಅದನ್ನೇ ನೋಡೋ ಆಫೀಸಿಗೆ ಗೊತ್ತಾಗಲ್ವಾ? ಮೊದ್ಲು ಆ ಮಳೆ ಪುಸ್ತಕ ಏನು ಅಂತ ಹೇಳೋ. ಮೂರು ಸರ್ಟಿಫಿಕೇಟ್ ಹೆಸರು ಹೇಳಿ ಅದನ್ನ ಕೊನೇಲಿ ಒಂದು ಸಾಲಲ್ಲಿ ತುರುಕಿದೀಯ.

ನಗರದ_ಮಳೆ:
ಅಜ್ಜ 1983ರಿಂದ ಬರೀತಿದ್ರಂತೆ, ಉದ್ದನೆ ಕಿರ್ದಿ ಪುಸ್ತಕ. ಅಂಗಳದ ತುದೀಲಿ ಮಳೆ ಮಾಪಕ ಇದೆ, ಬೆಳಿಗ್ಗೆ ಕಾಫಿ ಆದ್ಮೇಲೆ ಹೋಗಿ ಅಳೆದು ಇಂಚು ಸೆಂಟಲ್ಲಿ ಬರೆಯೋದು. ತಿಂಗಳ ಲೆಕ್ಕ ಇಲ್ಲ, ಎಲ್ಲಾ ಮಳೆ ನಕ್ಷತ್ರದ ಮೇಲೆ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಹಂಗೆ. ಪಕ್ಕದಲ್ಲಿ ಏನಾದ್ರೂ ಬರೆದಿರ್ತಾರೆ, "ಧರೆ ಕುಸಿಯಿತು", "ಔಷಧಿ ಹೊಡೆಯಲಿಲ್ಲ", "ಹೊಳವು ಇಲ್ಲ" (ಅಂದ್ರೆ ಮಳೆ ಬಿಡುವು ಕೊಡ್ಲಿಲ್ಲ) ಅಂತೆಲ್ಲ. ಅಜ್ಜ ತೀರ್ಕೊಂಡ್ಮೇಲೆ ಸ್ವಲ್ಪ ದಿನ ಯಾರೂ ಬರೀಲಿಲ್ಲ, ಆಮೇಲೆ ನಾನು ಶುರು ಮಾಡ್ದೆ, ಈಗ ಹಾಸ್ಟೆಲ್ಲಲ್ಲಿ ಇರೋದ್ರಿಂದ ಅಮ್ಮ ಅಳೆದು ಫೋನಲ್ಲಿ ಹೇಳ್ತಾರೆ.

ನಾನು ಮಾಡ್ತಿರೋದು ಏನಂದ್ರೆ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯಕ್ಕೆ ಹೊಳವು ಬೇಕಲ್ವಾ, ಮಳೆ ಶುರು ಆಗೋ ಮುಂಚೆ ಒಂದು ಸಲ ಹೊಡೀತೀವಿ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಎರಡನೇದು, ಅದು ಸರಿಯಾಗಿ ಪುನರ್ವಸು ಪುಷ್ಯ ಹೊಡ್ತದಲ್ಲಿ ಬಂದು ಬೀಳತ್ತೆ. ಆ ಟೈಮಲ್ಲಿ ಒಟ್ಟಿಗೆ ಎರಡು ದಿನ ಹೊಳವು ಎಷ್ಟು ವರ್ಷ ಸಿಕ್ಕಿದೆ ಎಷ್ಟು ವರ್ಷ ಇಲ್ಲ ಅಂತ ಎಣಿಸ್ತಾ ಇದೀನಿ, ಪೈಥಾನಲ್ಲಿ. ಪಂಚಾಯ್ತಿ ಹತ್ರ ಸರ್ಕಾರದ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿ ಅವರ ಮಳೆ ಮಾಪಕ ಇದೆ, ಅದರ ಲೆಕ್ಕಕ್ಕೂ ನಮ್ಮನೆ ಲೆಕ್ಕಕ್ಕೂ ಹೊಂದಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ.

ಇರುವಕ್ಕಿ_ಹಳೇ_ವಿದ್ಯಾರ್ಥಿ:
ಅಯ್ಯೋ ತಮ್ಮ ಇದನ್ನ ಮೊದ್ಲೇ ಹೇಳೋದಲ್ವಾ. ನಾನು ಕೃಷಿ ವಿವೀಲಿ ಓದಿದೋನು, ಹೊಂದದೆ ಇರೋದಕ್ಕೆ ಒಂದು ಕಾರಣ ಈಗ್ಲೇ ಹೇಳ್ತೀನಿ. ಸರ್ಕಾರಿ ಲೆಕ್ಕದಲ್ಲಿ ಮಳೆ ದಿನ ಅಂದ್ರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆ. ನಿಮ್ಮಜ್ಜ ಕಾಫಿ ಆದ್ಮೇಲೆ ಅಂದ್ರೆ ಆರೂವರೆ ಏಳು ಇರ್ಬಹುದು. ನಗರದ ಕಡೆ ಆ ಒಂದೂವರೆ ಗಂಟೇಲಿ ಎರಡು ಇಂಚು ಬಿದ್ರೂ ಬೀಳತ್ತೆ, ಅದು ಅವರದ್ದು ಈ ದಿನಕ್ಕೆ ಸೇರತ್ತೆ, ನಿಮ್ಮದು ನಾಳೆಗೆ. ದಿನದ ಲೆಕ್ಕ ಬಿಟ್ಟು ವಾರದ ಮೊತ್ತ ಹಾಕಿ ನೋಡು, ಎಷ್ಟು ಹತ್ರ ಬರತ್ತೆ ಅಂತ. ಇನ್ನೊಂದು, ಮಾಪಕದ ಮೇಲೆ ಹಲಸಿನ ಕೊಂಬೆ ಗಿಂಬೆ ಬಂದಿದೆಯಾ? 1983ರಲ್ಲಿ ಇಲ್ದಿದ್ದ ಮರ ಈಗ ಇರತ್ತೆ. ಇಂಚಿಗೆ 25.4 ಮಿಲಿಮೀಟರ್ ಅಂತ ಸರಿಯಾಗಿ ಹಾಕಿದೀಯ ತಾನೇ, 25 ಅಂತ ಹಾಕಿದ್ರೆ ನಿಮ್ಮೂರ ಮಳೆಗೆ ವರ್ಷಕ್ಕೆ ಎಷ್ಟೋ ವ್ಯತ್ಯಾಸ ಆಗೋಗತ್ತೆ.

ನಗರದ_ಮಳೆ:
25.4 ಹಾಕಿದೀನಿ. ಆದ್ರೆ ಎಂಟೂವರೆ ವಿಷ್ಯ ಗೊತ್ತೇ ಇರ್ಲಿಲ್ಲ ಸರ್. ನೇರಳೆ ಮರ ಇದೆ ಹತ್ರದಲ್ಲಿ. ಅಮ್ಮನಿಗೆ ಫೋಟೋ ತೆಗ್ಸಕ್ಕೆ ಹೇಳ್ತೀನಿ. ವಾರದ ಮೊತ್ತ ಹಾಕಿ ಇವತ್ತೇ ನೋಡ್ತೀನಿ.

ಜೆಇಇ_ಸಾಕಾಯ್ತು:
ನೋಡಿ, ಮಳೆ ಪುಸ್ತಕ ಚೆನ್ನಾಗಿದೆ, ನಂಗೂ ಇಷ್ಟ ಆಯ್ತು, ಆದ್ರೆ ಎಲ್ರೂ ಸೇರಿ ಹುಡುಗನ ತಲೇಲಿ ಇದ್ರಿಂದ ಸೀಟು ಸಿಗತ್ತೆ ಅಂತ ತುಂಬ್ಬೇಡಿ. ಇಂಥ ಒಳ್ಳೇ ಕೆಲಸ ಮಾಡಿದ ಸಾವಿರ ಮಕ್ಕಳು ಕೀನ್ಯಾದಲ್ಲಿ ವಿಯೆಟ್ನಾಮಲ್ಲಿ ಇರ್ತಾರೆ. ಇದಿದ್ರೂ ಸಿಗ್ದೆ ಇರೋ ಸಾಧ್ಯತೆನೇ ಜಾಸ್ತಿ.

ಬಾಸ್ಟನ್_ಚಳಿ:
ಒಪ್ತೀನಿ. ಸಿಗ್ದೆ ಇರೋದೇ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳೋದು ಇಷ್ಟೆ, 571 ಇದ್ದಿದ್ದು 590 ಆದ್ರೆ ಅಲ್ಲಿ ಓದೋರಿಗೆ ವ್ಯತ್ಯಾಸ ಗೊತ್ತಾಗಲ್ಲ, ಸ್ಯಾಟಲ್ಲಿ ಮ್ಯಾಥ್ಸ್ 790 ಇದೆ, ಇಂಗ್ಲಿಷ್ ಏಳ್ನೂರು ದಾಟಿಸಿದ್ರೆ ಇವನಿಗೆ ಓದಕ್ಕಾಗತ್ತೆ ಅನ್ನೋ ನಂಬಿಕೆ ಬರತ್ತೆ, ಅಷ್ಟಕ್ಕೇ ಅವೆಲ್ಲ ಬೇಕಾಗಿರೋದು. ಕೋವಿಡಲ್ಲಿ ಸ್ಯಾಟ್ ಕೇಳ್ತಿರ್ಲಿಲ್ಲ, ಎಂಐಟಿ 2022ರಲ್ಲಿ ವಾಪಸ್ ಕಡ್ಡಾಯ ಮಾಡ್ತು. ಅದರ ಮೇಲೆ ಯಾರನ್ನ ತಗೋಬೇಕು ಅನ್ನೋದು ನೀನು ಯಾರೂ ಹೇಳ್ದೆ ಏನು ಮಾಡ್ತೀಯ ಅನ್ನೋದ್ರ ಮೇಲೆ. ಎಂಐಟಿ ಕಾಮನ್ ಆ್ಯಪಲ್ಲಿ, ಅಂದ್ರೆ ಬಹಳ ಕಾಲೇಜಿಗೆ ಒಂದೇ ಕಡೆ ಅಪ್ಲೈ ಮಾಡೋ ಪೋರ್ಟಲಲ್ಲಿ, ಇಲ್ಲ, ಅವರದ್ದೇ ಬೇರೆ ಪೋರ್ಟಲ್. ಚಟುವಟಿಕೆ ಬರೆಯಕ್ಕೆ ನಾಲ್ಕೇ ನಾಲ್ಕು ಜಾಗ, ಕಾಮನ್ ಆ್ಯಪಲ್ಲಿ ಹತ್ತು. ಒಂದು ದೊಡ್ಡ ಎಸ್ಸೇ ಬದ್ಲು ನೂರು ಇನ್ನೂರು ಪದದ ಸಣ್ಣ ಸಣ್ಣ ಉತ್ತರ. ನಿನ್ನಂಥವರಿಗೆ ಅದು ಅನುಕೂಲ, ಉದ್ದ ಭಾಷಣ ಬೇಡ.

ಬರೆಯುವಾಗ ಒಂದು ದಯವಿಟ್ಟು. ಬಡತನ ಮಾರ್ಬೇಡ. ಬಡ ರೈತನ ಮಗ, ಚಿಮಣಿ ದೀಪ, ಅಂತ ಶುರು ಮಾಡೋ ಎಸ್ಸೇ ಅವರು ದಿನಕ್ಕೆ ಎಷ್ಟು ಓದ್ತಾರೋ. ದುಡ್ಡಿಲ್ಲ ಅಂತ ಹೇಳಕ್ಕೆ ಆ ಸಿಎಸ್‌ಎಸ್ ಫಾರ್ಮ್ ಇದೆ. ಎಸ್ಸೇಲಿ ಮಾಪಕ ಹೊಂದದೆ ಇದ್ದಾಗ ನೀನು ಏನು ಮಾಡಿದೆ ಅಂತ ಬರಿ, ನೇರಳೆ ಮರದ ವಿಷ್ಯ ಬರಿ.

ಕನ್ನಡ_ಮೇಷ್ಟ್ರು_ಭದ್ರಾವತಿ:
ನಾನು ಪಿಯು ಕನ್ನಡ ಉಪನ್ಯಾಸಕ. ಇದರ ಬಗ್ಗೆ ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿಗಾಗಿ ತಲೆ ಕೆಡಿಸಿಕೊಂಡಿದ್ದೆ, ಹಾಗಾಗಿ ಕಾಲೇಜಿನ ಕಡೆಯಿಂದ ಏನೇನು ಬೇಕಾಗುತ್ತೆ ಅಂತ ಹೇಳ್ತೀನಿ. ಎಂಐಟಿ ಎರಡು ಶಿಫಾರಸು ಪತ್ರ ಕೇಳುತ್ತೆ, ಒಂದು ಗಣಿತ ಅಥವಾ ವಿಜ್ಞಾನದ ಅಧ್ಯಾಪಕರದ್ದು, ಇನ್ನೊಂದು ಭಾಷೆ ಅಥವಾ ಸಮಾಜ ವಿಜ್ಞಾನದವರದ್ದು. ಪಿಸಿಎಂಸಿ ಹುಡುಗರು ಎರಡನೇದಕ್ಕೆ ಗಾಬರಿ ಬೀಳ್ತಾರೆ. ನಿಮ್ಮ ಕನ್ನಡ ಮೇಷ್ಟ್ರೇ ಬರೀಬಹುದು ಮಾರಾಯ, ಅವರು ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ ಜೊತೆಗೆ ಹಾಕ್ಬೇಕು ಅಷ್ಟೆ. ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಭಾಷಾ ಪೀರಿಯಡ್ ಕಿತ್ತು ಜೆಇಇಗೆ ಕೊಡ್ತಾರೆ, ಮೇಷ್ಟ್ರಿಗೆ ಮಕ್ಕಳ ಹೆಸರೇ ಗೊತ್ತಿರಲ್ಲ, ಅದು ಬೇರೆ ಮಾತು.

ಮೂರನೇದು ಕೌನ್ಸೆಲರ್ ವರದಿ. ನಮ್ಮಲ್ಲಿ ಕೌನ್ಸೆಲರ್ ಅಂತ ಹುದ್ದೇನೇ ಇಲ್ಲ, ಪ್ರಿನ್ಸಿಪಾಲರೇ ಬರೀಬೇಕು. ಅವರ ಹತ್ರ ಹೋಗಿ ಪತ್ರ ಕೊಡಿ ಅಂದ್ರೆ ನಡತೆ ಪ್ರಮಾಣ ಪತ್ರ ಕೊಡ್ತಾರೆ, "ಹಿಸ್ ಕಾಂಡಕ್ಟ್ ಈಸ್ ಗುಡ್" ಅಂತ ಸೀಲು ಹೊಡೆದು. ಅದು ಸಾಲದು. ಹುಡುಗ ಏನು ಮಾಡಿದ, ಯಾವ ಪರಿಸ್ಥಿತೀಲಿ ಮಾಡಿದ ಅಂತ ಬರೀಬೇಕು. ಜೊತೆಗೆ ಸ್ಕೂಲ್ ಪ್ರೊಫೈಲ್ ಅಂತ ಒಂದು ಪುಟ, ಕಾಲೇಜಲ್ಲಿ ಎಷ್ಟು ಮಕ್ಕಳು, ಪಿಯು ಅಂದ್ರೇನು, ಆರ್ನೂರಕ್ಕೆ 571 ಅಂದ್ರೆ ಕ್ಲಾಸಲ್ಲಿ ಎಲ್ಲಿ ನಿಲ್ಲುತ್ತೆ, ಇಲ್ಲಿ ಅಮೆರಿಕದ ಹೈಸ್ಕೂಲಿನ ಹಾಗೆ ಎಪಿ ಗಿಪಿ ಅನ್ನೋ ಮೇಲ್ಮಟ್ಟದ ಕೋರ್ಸು ಇಲ್ಲ ಅಂತೆಲ್ಲ. ಇದು ಇಲ್ದಿದ್ರೆ ಅಲ್ಲಿ ಕೂತವರಿಗೆ ಪಿಯು ಅಂದ್ರೆ ಮುಂಬೈ ಇಂಟರ್‌ನ್ಯಾಷನಲ್ ಸ್ಕೂಲಿನ ಪಕ್ಕದ್ದೇ ಅನ್ನೋ ಹಾಗೆ ಕಾಣುತ್ತೆ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿ ಕೂಡ ಬೇಕು, ನಿಮ್ಮ ಹೈಸ್ಕೂಲಿಗೆ ಈಗ್ಲೇ ಹೋಗು, ಹೆಡ್‌ಮಾಸ್ಟರ್ ವರ್ಗಾ ಆಗಿ ಬೀರು ಬೀಗ ಹುಡುಕೋ ಹೊತ್ತಿಗೆ ಅಕ್ಟೋಬರ್ ಬಂದಿರುತ್ತೆ.

ಗಾಜನೂರು_ಹಿನ್ನೀರು:
ಮೇಷ್ಟ್ರೇ ಆ ವಿದ್ಯಾರ್ಥಿನಿಗೆ ಸಿಕ್ತಾ?

ಕನ್ನಡ_ಮೇಷ್ಟ್ರು_ಭದ್ರಾವತಿ:
ಇಲ್ಲ. ಈಗ ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟ್, ಅಂದ್ರೆ ಐಎಸ್‌ಐನಲ್ಲಿ ಬಿ.ಮ್ಯಾಥ್ ಓದ್ತಿದಾಳೆ, ಮೈಸೂರು ರಸ್ತೇದು. ಅಲ್ಲಿ ಟ್ಯೂಷನ್ ಫೀಸಿಲ್ಲ, ಮೇಲಿಂದ ತಿಂಗಳಿಗೆ ಸ್ಟೈಪೆಂಡ್ ಕೊಡ್ತಾರೆ. ನಗರದ ಹುಡುಗನೂ ಅದರ ಎಂಟ್ರೆನ್ಸ್ ಬರೀಲಿ, ಮೇ ತಿಂಗಳಲ್ಲಿ ಇರುತ್ತೆ, ನೆಗೆಟಿವ್ ಮಾರ್ಕ್ಸ್ ಭಯ ಇಲ್ಲದೆ ಬಿಡಿಸಿ ಉತ್ತರ ಬರೆಯೋ ಪೇಪರೂ ಇದೆ, ಗಣಿತ ಇಷ್ಟ ಇರೋರಿಗೆ ಖುಷಿ ಕೊಡೋ ಪರೀಕ್ಷೆ.

ಜೆಇಇ_ಸಾಕಾಯ್ತು:
ಇದು ಮಾತು. ಇದನ್ನೇ ನಾನು ಹೇಳ್ತಿದ್ದಿದ್ದು. ಈಗ ಟೈಮಿನ ಲೆಕ್ಕ ಹಾಕಿ. ಡಿಸೆಂಬರ್ ಜನವರೀಲಿ ಕಾಲೇಜಿನ ಪ್ರಿಪರೇಟರಿ, ಜನವರೀಲಿ ಜೆಇಇ ಮೇನ್, ಮಾರ್ಚಲ್ಲಿ ಬೋರ್ಡ್, ಏಪ್ರಿಲಲ್ಲಿ ಸಿಇಟಿ. ಅಮೆರಿಕದ ರೆಗ್ಯುಲರ್ ಡೆಡ್‌ಲೈನ್ ಜನವರಿ ಮೊದಲ ವಾರ. ಯಾವಾಗ ಕೂತ್ಕೊಂಡು ಬರೀತಾನೆ?

ಬಾಸ್ಟನ್_ಚಳಿ:
ಅದಕ್ಕೇ ಅರ್ಲಿ ಆ್ಯಕ್ಷನ್ ಅನ್ನೋ ಮೊದಲ ಸುತ್ತಲ್ಲಿ ಹಾಕ್ಲಿ, ನವೆಂಬರ್ 1. ಎಂಐಟೀದು ಬೈಂಡಿಂಗ್ ಅಲ್ಲ, ಸಿಕ್ರೂ ಹೋಗ್ಲೇಬೇಕು ಅಂತಿಲ್ಲ. ಅಕ್ಟೋಬರ್ ಕೊನೇಗೆ ಕೈ ತೊಳ್ಕೊಂಡು ಪಿಯು ಪುಸ್ತಕಕ್ಕೆ ವಾಪಸ್. ಡಿಸೆಂಬರ್ ಮಧ್ಯಕ್ಕೆ ರಿಸಲ್ಟು, ಬಹಳ ಜನಕ್ಕೆ ಡಿಫರ್ ಮಾಡ್ತಾರೆ, ಅಂದ್ರೆ ಮಾರ್ಚಲ್ಲಿ ಇನ್ನೊಂದು ಸಲ ನೋಡ್ತೀವಿ ಅಂತ, ಅದಕ್ಕೆ ಇವನು ಮಾಡೋದು ಹೆಚ್ಚೇನಿಲ್ಲ. ಎಂಐಟಿ ಒಂದೇ ಹಾಕು, ಆಸೆ ತಡ್ಯಕ್ಕಾಗ್ಲಿಲ್ಲ ಅಂದ್ರೆ ನೀಡ್ ಬ್ಲೈಂಡಲ್ಲಿ ಇನ್ನೊಂದು. ಫೀಸು 75 ಡಾಲರ್, ಮನೆ ಪರಿಸ್ಥಿತಿ ಕಷ್ಟ ಅಂದ್ರೆ ಮನ್ನಾ ಮಾಡ್ತಾರೆ, ನಾಚ್ಕೊಳ್ದೆ ಕೇಳು. ಹತ್ತರ ತನಕ ಕನ್ನಡ ಮೀಡಿಯಂ ಅಂದ್ರೆ ಇಂಗ್ಲಿಷ್ ಟೆಸ್ಟ್ ಒಂದು ಕೊಡೋದು ಒಳ್ಳೇದು, ಡುವೊಲಿಂಗೊ ಮನೇಲೇ ಕೂತು ಬರೀಬಹುದು.

ಸಾಗರದಕ್ಕ:
ಮನೇಲಿ ಅಂದ್ರೆ ನಗರದ ಮನೇಲಿ ಅಲ್ಲ! ಆಶ್ಲೇಷ ಮಳೇಲಿ ಕರೆಂಟು ಹೋದ್ರೆ ಟವರೂ ಹೋಗತ್ತೆ. ಶಿವಮೊಗ್ಗದಲ್ಲೇ ಯಾರದ್ದಾದ್ರೂ ಮನೇಲಿ ಯುಪಿಎಸ್ ಇರೋ ಕಡೆ ಕೂತು ಬರೀಲಿ.

ತುಂಗಾ_ಕಾಲುವೆ:
ಸೀಟು ಸಿಕ್ರೂ ವೀಸಾ ಅಂತ ಒಂದಿದೆ ಅಲ್ವಾ, 2025 ಮೇ ಕೊನೇಲಿ ಸ್ಟೂಡೆಂಟ್ ವೀಸಾದ ಹೊಸ ಅಪಾಯಿಂಟ್‌ಮೆಂಟೇ ನಿಲ್ಲಿಸಿಬಿಟ್ಟಿದ್ರು ಕೆಲ ವಾರ, ನಮ್ಮ ಪಕ್ಕದ್ಮನೆ ಹುಡುಗನಿಗೆ ನಿದ್ದೆ ಇರ್ಲಿಲ್ಲ. ಹೆದರ್ಸಕ್ಕೆ ಹೇಳ್ತಿಲ್ಲ, ಇಲ್ಲಿಯ ಒಂದು ಸೀಟು ಕೈಯಲ್ಲಿ ಇಟ್ಕೊಂಡೇ ಹೋಗ್ಬೇಕು ಅಂತ.

ನಗರದ_ಮಳೆ:
ಎಲ್ರಿಗೂ ಥ್ಯಾಂಕ್ಸ್. ವಾರದ ಮೊತ್ತ ಹಾಕಿ ನೋಡ್ದೆ, ಇರುವಕ್ಕಿ ಸರ್ ಹೇಳಿದ ಹಂಗೆ ಸುಮಾರು ವಾರ ಹತ್ರ ಬಂತು! ಆದ್ರೆ ಗಾಳಿ ಮಳೆ ಇದ್ದ ವಾರಗಳಲ್ಲಿ ಮಾತ್ರ ನಮ್ಮನೆದು ಈಗ್ಲೂ ಕಮ್ಮಿ ತೋರಿಸ್ತಿದೆ, ನೇರಳೆ ಮರ ಪಶ್ಚಿಮಕ್ಕೇ ಇರೋದು, ಅದೇ ಇರ್ಬೇಕು. ಅಪ್ಪಂಗೆ ಹೇಳ್ದೆ. ಎಂತದು ಎಲ್ಲಿ ಅಂತ ಏನೂ ಕೇಳ್ಲಿಲ್ಲ, ಮರ ಕಡೀಬೇಕಾ ಅಂತ ಕೇಳಿದ್ರು. ಬೇಡ ಅಂದೆ, ಕಡಿದ್ರೆ ಹಳೇ ಲೆಕ್ಕಕ್ಕೆ ಹೋಲಿಸಕ್ಕಾಗಲ್ಲ, ಮರ ಇಲ್ದಿರೋ ಕಡೆ ಇನ್ನೊಂದು ಮಾಪಕ ಇಡ್ತೀವಿ. ಸೋಮವಾರ ನಾಡಕಚೇರಿಗೆ ಹೋಗ್ತಾರಂತೆ.

ಎಂಐಟಿ ಒಂದೇ ಹಾಕ್ತೀನಿ ನವೆಂಬರಿಗೆ, ಐಎಸ್‌ಐ ಮತ್ತೆ ಸಿಇಟಿ ಇಲ್ಲಿ. ಅಕ್ಟೋಬರ್ ಸ್ಯಾಟಿಗೆ ಬೆಂಗಳೂರಿಗೆ ಹೋಗ್ಬೇಕು. ಒಂದು ಡೌಟು, ಸ್ಯಾಟ್ ಈಗ ಕಂಪ್ಯೂಟರಲ್ಲೇ ಅಲ್ವಾ, ಅಲ್ಲೇ ಕೊಡ್ತಾರಾ? ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ, ಇಷ್ಟು ದಿನ ಕಾಲೇಜ್ ಲ್ಯಾಬಲ್ಲಿ ಮಾಡ್ತಿದ್ದೆ.

ಬಾಸ್ಟನ್_ಚಳಿ:
ನೀನೇ ತಗೊಂಡು ಹೋಗ್ಬೇಕು, ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್, ಮೊಬೈಲ್ ಆಗಲ್ಲ. ಬ್ಲೂಬುಕ್ ಮೊದ್ಲೇ ಹಾಕಿ ಟೆಸ್ಟ್ ಮಾಡ್ಕೊಂಡಿರ್ಬೇಕು. ಚಾರ್ಜ್ ಪೂರ್ತಿ ಇರ್ಲಿ, ಪ್ಲಗ್ ಸಿಗತ್ತೆ ಅಂತ ನಂಬ್ಬೇಡ.

ಜೆಇಇ_ಸಾಕಾಯ್ತು:
ನಂದು ಕೊಡ್ತೀನಿ ತಗೋ, ವಿದ್ಯಾನಗರದಲ್ಲಿ ಇದೀನಿ. ಚಾರ್ಜರ್ ಪಿನ್ ಸ್ವಲ್ಪ ಲೂಸು, ಹಿಡ್ಕೊಂಡು ಕೂರ್ಬೇಕು, ಬ್ಯಾಟರಿ ಮೂರು ಗಂಟೆ ಬರತ್ತೆ, ಪರೀಕ್ಷೆ ಎರಡು ಕಾಲು ಗಂಟೆ ತಾನೇ. ಒಂದು ವಾರ ಮೊದ್ಲೇ ಬಂದು ತಗೊಂಡು ಹೋಗು, ತಾಳಗುಪ್ಪ ಮೈಸೂರು ರಾತ್ರಿ ರೈಲಲ್ಲಿ ಹೋಗು, ಬಸ್ಸಲ್ಲಿ ನಿದ್ದೆ ಕೆಡತ್ತೆ. ಡೆಸ್ಕ್‌ಟಾಪಲ್ಲಿ ಇರೋ ಫೋಲ್ಡರ್ ಮಾತ್ರ ತೆಗೀಬೇಡ.